ದೇವೀರಪ್ಪನವರ ಕೇಪಿನ ಕೋವಿ

ಮಧ್ಯಾಹ್ನದ ಊಟವಾದ ಮೇಲೆ ಲಕ್ಷ್ಮೀಶ ಪಡಸಾಲೆಯಲ್ಲಿ ಕಂಬಳಿ ಹಾಸಿ ಅದರ ಮೇಲೆ ಕೋವಿಯನ್ನು ಮಲಗಿಸಿದ. ಮದ್ದು ಗಿಡಿಯುವ ಗಜವನ್ನು ಬಾಯಿಯಿಂದ ಇಳಿಸಿ ನಳಿಗೆ ಬರಿದಾಗಿದೆಯೆಂದು ನೋಡಿದ. ಕಿಡಿ ಕೊಡುವ ಕೇಪು ಕೂರುವ ಜಾಗದ ಮೇಲೆ ಬೆರಳಾಡಿಸಿ ಅಲ್ಲೂ ಏನಿಲ್ಲವೆಂದು ಖಾತ್ರಿ ಮಾಡಿಕೊಂಡ. ಆಮೇಲೆ ಕೇಪಿಗೆ ಬಡಿಯುವ ಕುದುರೆಯನ್ನು ಅರ್ಧಕ್ಕೆ ಎಳೆದು ನಿಲ್ಲಿಸಿ, ಕೋವಿಯ ಹಿಡಿಯನ್ನು ನೆಲಕ್ಕೆ ಕುಟ್ಟಿದ. ಕುದುರೆ ಬೀಳಲಿಲ್ಲ. ಗೋಡೆಗೆ ಒರಗಿಸಿ ಜಾರಿಸಿದ, ನಳಿಗೆ ಹಿಡಿದು ಅಲ್ಲಾಡಿಸಿದ, ಟ್ರಿಗರಿಗೆ ಬೆರಳು ಸೋಕಿಸಿದ. ಬೀಳಲಿಲ್ಲ. ಪೂರ್ತಿ ಎಳೆದು ನಿಲ್ಲಿಸಿ ಅದನ್ನೇ ಮಾಡಿದ. ಬೇಕೆಂದೇ ಟ್ರಿಗರು ಒತ್ತಿದಾಗ ಮಾತ್ರ ಟಕ್ಕೆಂದು ಬಿತ್ತು.

“ಆ ಸದ್ದು ನನ್ನ ಕಿವಿಗೆ ಬೀಳಿಸ್ಬೇಡಿ ಕಣ್ರೀ,” ಎಂದಳು ಹೆಂಡತಿ ಮಂಜುಳಾ ಒಳಗಿನಿಂದ. “ಒಬ್ಬರ ಪ್ರಾಣ ತಗೊಂಡ ಸಾಮಾನು. ನಿಮಗೆ ಬೇರೆ ಕೋವಿನೇ ಸಿಗಲಿಲ್ವಾ?”

“ಅದು ತಗೊಂಡಿದ್ದೋ ಅವರೇ ಕೊಟ್ಟಿದ್ದೋ, ಅದೇ ಗೊತ್ತಿಲ್ವಲ್ಲೇ.”

“ಗೊತ್ತಾಗಿ ಏನಾಗ್ಬೇಕು? ಹೋದೋರು ಎದ್ದು ಬರ್ತಾರಾ?”

ಲಕ್ಷ್ಮೀಶ ಕುದುರೆಯನ್ನು ಮತ್ತೊಮ್ಮೆ ಎಳೆದ. ಅವನು ಅರಸೀಕೆರೆಯ ಕಾಲೇಜೊಂದರಲ್ಲಿ ಭೌತಶಾಸ್ತ್ರದ ಮೇಷ್ಟ್ರು. ಕೋವಿ ಅವನಿಗೆ ಬೇಕಾಗಿದ್ದು ಊರಿನ ಗದ್ದೆಗೆ. ಅರೇಹಳ್ಳಿಯ ಆಚೆ ಅವನ ಅಪ್ಪ ಗಿಡ್ಡಯ್ಯ ಮಾಡುವ ಭತ್ತಕ್ಕೆ ಹಂದಿಗಳು ಬೀಳುತ್ತಿದ್ದವು, ಲೈಸೆನ್ಸು ಸಿಕ್ಕಿತ್ತು. ಕೋವಿ ಹುಡುಕುತ್ತಿದ್ದಾನೆಂದು ತಿಳಿದ ಬಸವಕುಮಾರ ತಾನಾಗಿಯೇ ಬಂದು, “ನಮ್ಮಪ್ಪಂದು ತಗೊಂಡು ಹೋಗು. ಅವ್ವ ಅದನ್ನ ಮನೇಲಿ ಇಟ್ಕೊಳ್ಳೋಕೆ ಒಪ್ತಾ ಇಲ್ಲ,” ಎಂದಿದ್ದ.

ಬಸವಕುಮಾರ ಬಿಎಸ್ಸಿಯಲ್ಲಿ ಅವನ ಜೊತೆ ಓದಿದವನು. ಬಾಣಾವರದ ಹತ್ತಿರ ಅವರ ತೆಂಗಿನ ತೋಟ. ಎರಡು ಚಳಿಗಾಲದ ಹಿಂದೆ ಅದೇ ತೋಟದಲ್ಲಿ, ಇನ್ನೂ ಮಂಜು ಕರಗುವ ಮೊದಲು, ಅವನ ತಂದೆ ದೇವೀರಪ್ಪನವರು ಸತ್ತು ಬಿದ್ದಿದ್ದರು. ಗದ್ದದ ಕೆಳಗೆ ಕೋವಿಯ ಬಾಯಿ ಇತ್ತು. ಅದರ ಹಿಂದಿನ ಸಂಜೆ ತಂದೆಮಗನಿಗೆ ಮಾತಿಗೆ ಮಾತು ಬೆಳೆದಿತ್ತು. ತೋಟಕ್ಕೆಲ್ಲ ನುಸಿ ಹತ್ತಿ ಕಾಯಿ ಸೊರಗಿದ್ದವು. ಹಳೆಯ ಮರ ಕಡಿದುಬಿಡೋಣವೆಂದು ಮಗ, ಕೂಡದೆಂದು ತಂದೆ. ಕೊನೆಗೆ ಕಾಯಿ ಸುಲಿಯುವ ಆಳುಗಳ ಎದುರಿಗೇ ಬಸವಕುಮಾರ, “ನಿಮ್ಮ ಕಾಲ ಮುಗೀತು ಕಣಪ್ಪಾ, ಇನ್ನಾದ್ರೂ ನಮ್ಮನ್ನ ಬಿಡಿ,” ಎಂದುಬಿಟ್ಟಿದ್ದ. ಬೆಳಗಾದರೆ ಹೀಗೆ. ಠಾಣೆಯವರು ಕೋವಿಯನ್ನು ಒಯ್ದು ನೋಡಿದರು, ತಿಳಿದವರಿಂದಲೂ ನೋಡಿಸಿದರು. ಕುದುರೆ ಭದ್ರವಾಗಿತ್ತು, ಟ್ರಿಗರು ಬಿಗಿಯಾಗಿತ್ತು. ತಾನಾಗಿ ಹಾರುವ ಕೋವಿಯಲ್ಲ ಇದು ಎಂದರು. ಹಾಗಾದರೆ ಹಾರಿಸಿಕೊಂಡದ್ದು ಎಂದಾಯಿತು. ಅಂದಿನಿಂದ ತಾಯಿ ಗುರುಸಿದ್ದಮ್ಮ ಮಗನ ಜೊತೆ ಮಾತು ಬಿಟ್ಟಿದ್ದರು.

ಬಿಟ್ಟಿದ್ದರು ಎಂದರೆ ಪೂರ್ತಿ ಬಿಟ್ಟಿದ್ದರು. ಕೋವಿ ತರಲು ಹೋದ ದಿನ ಲಕ್ಷ್ಮೀಶ ಅದನ್ನು ಕಣ್ಣಾರೆ ಕಂಡಿದ್ದ. ಮಗ ಕೊಟ್ಟಿಗೆಯ ಬಾಗಿಲಲ್ಲಿ ನಿಂತಿದ್ದರೆ ಆಕೆ ಹಸುವಿಗೆ, “ಹಿಂಡಿ ಮುಗ್ದೈತೆ ಅಂತ ಹೇಳೇ ಗೌರಿ, ಸಂತೆ ದಿವ್ಸ ತರ್ಲಿ,” ಎನ್ನುತ್ತಿದ್ದರು. ಹಸು ಮೆಲುಕು ಹಾಕುತ್ತಿತ್ತು. ಬಸವಕುಮಾರ, “ತರ್ತಾನಂತೆ ಅಂತ ಹೇಳೇ ಗೌರಿ,” ಎಂದು ಲಕ್ಷ್ಮೀಶನ ಕಡೆ ನೋಡಿ ನಗಲು ಪ್ರಯತ್ನಿಸಿ, ಆಗದೆ ಮುಖ ತಿರುಗಿಸಿದ್ದ. ಹೊರಡುವಾಗ ಕೋವಿಯನ್ನು ಕೈಗಿಟ್ಟು, “ನೀನು ಅಳತೆ ಮಾಡದೆ ಏನನ್ನೂ ನಂಬೋನಲ್ಲ. ಒಂದ್ಸಲ ನೋಡು ಮಾರಾಯ. ಎಲ್ಲಾದ್ರೂ ಕೆಟ್ಟಿದೆಯಾ ಅಂತ. ಏನೂ ಇಲ್ಲ ಅಂದ್ರೆ ಇಲ್ಲ ಅನ್ನು, ನಾನು ತಡ್ಕೊತೀನಿ,” ಎಂದಿದ್ದ.

ಒಂದು ವಿಷಯ ಲಕ್ಷ್ಮೀಶನ ಮನಸ್ಸಿನಲ್ಲಿ ಮೊದಲಿನಿಂದಲೂ ಚುಚ್ಚುತ್ತಿತ್ತು. ಕೇಪಿನ ಕೋವಿಗೆ ಬಾಯಿಯಿಂದ ಮದ್ದು ಸುರಿದು, ಮೇಲೆ ತೆಂಗಿನ ನಾರು ಗಿಡಿದು, ಅದರ ಮೇಲೆ ಸೀಸದ ಚರೆ ಹಾಕಬೇಕು. ದೇವೀರಪ್ಪನವರು ಪ್ರಾಣಿ ಕೊಲ್ಲುವ ಪೈಕಿಯಲ್ಲ. ಹಂದಿ, ಮುಸುವಗಳನ್ನು ಹೆದರಿಸಲು ಬರೀ ಮದ್ದು, ನಾರು ಗಿಡಿದು ಹಾರಿಸುತ್ತಿದ್ದರು. ಆ ಬೆಳಗ್ಗೆ ಕೂಡ ಕೋವಿಯಲ್ಲಿ ಚರೆ ಇರಲಿಲ್ಲ. ಸಾಯಲು ಹೊರಟವನು ಚರೆ ಹಾಕದೆ ಹೋಗುತ್ತಾನೆಯೇ? ಗಂಟಲಿಗೆ ಅಷ್ಟು ಹತ್ತಿರವಿದ್ದರೆ ಮದ್ದೇ ಸಾಕು, ನಾರೇ ಸಾಕು ಎಂದು ಎಲ್ಲರೂ ಅಂದರು. ಅದೂ ನಿಜವೇ. ಅನುಮಾನ ಅನುಮಾನವಾಗಿಯೇ ಉಳಿದಿತ್ತು.

ಅವನು ತಿರುಪು ಬಿಚ್ಚಿ, ಕುದುರೆಯ ಒಳಗಿನ ಕಟ್ಟನ್ನು ಹೊರಗೆ ತೆಗೆದ. ಅದರ ಕೆಲಸ ಸರಳ. ಕುದುರೆಯ ಬುಡಕ್ಕೆ ಒಂದು ಉಕ್ಕಿನ ಬಿಲ್ಲೆ. ಬಿಲ್ಲೆಯ ಅಂಚಿನಲ್ಲಿ ಎರಡು ಕಚ್ಚು. ಒಂದು ಅರ್ಧ ಎಳೆದಾಗ ನಿಲ್ಲಲು, ಇನ್ನೊಂದು ಪೂರ್ತಿ ಎಳೆದಾಗ ನಿಲ್ಲಲು. ಆ ಕಚ್ಚಿನೊಳಗೆ ಕೂರುವುದು ಒಂದು ಸಣ್ಣ ಕೊಕ್ಕೆ. ಕೊಕ್ಕೆಯನ್ನು ಕಚ್ಚಿಗೆ ಒತ್ತಿ ಹಿಡಿಯಲು ತೆಳ್ಳನೆಯ ಸ್ಪ್ರಿಂಗು. ಪೂರ್ತಿ ಎಳೆದಿದ್ದಾಗ ಟ್ರಿಗರು ಒತ್ತಿದರೆ ಕೊಕ್ಕೆ ಮೇಲೇಳುತ್ತದೆ, ಕುದುರೆ ಬೀಳುತ್ತದೆ. ಕಚ್ಚು ಸವೆದಿದ್ದರೆ, ಕೊಕ್ಕೆಯ ತುದಿ ಮುರಿದಿದ್ದರೆ, ಸ್ಪ್ರಿಂಗು ಸತ್ತಿದ್ದರೆ ಕೋವಿ ಮೋಸ ಮಾಡುತ್ತದೆ. ಅವನು ಕಾಲೇಜಿನಿಂದ ತಂದ ಭೂತಗನ್ನಡಿಯಲ್ಲಿ ನೋಡಿದ. ಕಚ್ಚು ಚೂಪಾಗಿತ್ತು. ಕೊಕ್ಕೆ ಹೊಸದರಂತಿತ್ತು. ಸ್ಪ್ರಿಂಗು ಬೆರಳಿಗೆ ಪುಟಿಯಿತು. ಭಾಗಗಳೆಲ್ಲ ಎಣ್ಣೆಯಲ್ಲಿ ಮಿಂದು ಹೊಳೆಯುತ್ತಿದ್ದವು. ಇಷ್ಟು ಚೆನ್ನಾಗಿ ನೋಡಿಕೊಂಡ ಕೋವಿಯಲ್ಲಿ ದೋಷ ಹುಡುಕುವುದೇ ತಪ್ಪೆನಿಸಿತು. ಹಾಗೆಯೇ ಜೋಡಿಸಿಟ್ಟ.

ಬಸವಕುಮಾರನಿಗೆ ಏನೂ ಇಲ್ಲ ಎಂದು ಹೇಳಬೇಕು. ಹೇಗೆ ಹೇಳುವುದೆಂದು ಯೋಚಿಸುತ್ತಲೇ ವಾರ ಕಳೆಯಿತು.

ಸಂಕ್ರಾಂತಿಯ ರಜೆಗೆ ಅವನು ಕೋವಿಯನ್ನು ಕಂಬಳಿಯಲ್ಲಿ ಸುತ್ತಿ, ಲೈಸೆನ್ಸನ್ನು ಜೇಬಿನಲ್ಲಿಟ್ಟು ಊರಿಗೆ ಹೊರಟ. ಬಸ್ಸಿನ ಕಂಡಕ್ಟರು, “ಏನ್ಸಾರ್, ವೀಣೆನಾ? ಒಂದು ರಾಗ ಬಾರಿಸಿ ಮತ್ತೆ,” ಎಂದ. “ಇದರ ರಾಗ ಒಂದೇ, ಅದೂ ಒಳ್ಳೇದಲ್ಲ,” ಎಂದ ಲಕ್ಷ್ಮೀಶ. ಜಾವಗಲ್, ಹಳೇಬೀಡು, ಬೇಲೂರು ದಾಟಿ ಅರೇಹಳ್ಳಿಯಲ್ಲಿ ಇಳಿದಾಗಲೇ ಚಳಿ ಕಿವಿ ಹಿಡಿದಿತ್ತು.

ಬೆಳಗ್ಗೆ ಅಂಗಳಕ್ಕೆ ಬಂದಾಗ ಗದ್ದೆಯ ಬದುವಿನ ಹುಲ್ಲಿನ ಮೇಲೆ ಇಬ್ಬನಿ ಬಿಳಿಯಾಗಿ ಬಿದ್ದಿತ್ತು. ರಾತ್ರಿಯೆಲ್ಲ ಜಗಲಿಯ ಗೂಟಕ್ಕೆ ನೇತುಬಿದ್ದಿದ್ದ ಕೋವಿ ಕೈ ಕೊರೆಯುವಷ್ಟು ತಣ್ಣಗಿತ್ತು. ಗಿಡ್ಡಯ್ಯ ಬೆಂಕಿಯ ಮುಂದೆ ಕೂತು ಬೀಡಿ ಹಚ್ಚುತ್ತಿದ್ದ.

“ಏನ್ಲಾ, ಕೊಡ್ತೀಯೋ ಇಲ್ಲ ಪೂಜೆ ಮಾಡ್ತಾ ನಿಂತ್ಕತೀಯೋ? ಹಂದಿ ನಿನ್ ಪರೀಕ್ಷೆ ಮುಗೀಲಿ ಅಂತ ಕಾಯ್ತಾವಾ?”

“ಇರಪ್ಪಾ. ಮೊದಲು ಹೇಗೆ ಹಿಡ್ಕೋಬೇಕು ಅಂತ ತೋರಿಸ್ತೀನಿ. ಕುದುರೆ ಹೀಗೆ ಅರ್ಧಕ್ಕೆ ನಿಂತಿದ್ರೆ ಟ್ರಿಗರು ಎಳೆದ್ರೂ ಬೀಳಲ್ಲ. ಗದ್ದೆಯಲ್ಲಿ ಓಡಾಡುವಾಗ…”

ಅವನು ಕುದುರೆಯನ್ನು ಅರ್ಧಕ್ಕೆ ಎಳೆದು ಹೆಬ್ಬೆರಳು ತೆಗೆದ. ನಿಂತಿತು. ಕೋವಿಯನ್ನು ಅಪ್ಪನ ಕಡೆ ಚಾಚಲೆಂದು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿದ. ಅಷ್ಟೇ. ಟಕ್ಕೆಂದು ಬಿತ್ತು.

ಗಿಡ್ಡಯ್ಯನ ಬಾಯಿಯ ಬೀಡಿ ಅಲ್ಲೇ ನಿಂತಿತು. “ಬೀಳಲ್ಲ ಅಂದ್ಯಲ್ಲೋ,” ಎಂದ.

ಲಕ್ಷ್ಮೀಶ ಕುದುರೆಯ ಮೇಲೆ ಹೆಬ್ಬೆರಳಿಟ್ಟ. ಮತ್ತೆ ಎಳೆದ. ಈ ಸಲ ನಿಂತಿತು, ಬೀಳಲಿಲ್ಲ. ಮತ್ತೆ ಎಳೆದ. ಬೆರಳು ಬಿಡುವ ಮೊದಲೇ ಜಾರಿತು.  ಅಂಗಳದ ಕಲ್ಲಿನ ಮೇಲೆಯೇ ಕೂತು ತಿರುಪು ಬಿಚ್ಚಿದ. ಅರಸೀಕೆರೆಯ ಮಧ್ಯಾಹ್ನದಲ್ಲಿ ಹೊಳೆಯುತ್ತಿದ್ದ ಎಣ್ಣೆ ಈಗ ಬೆಳ್ಳಗೆ, ಮೇಣದ ಹಾಗೆ, ಕೊಕ್ಕೆ ಸ್ಪ್ರಿಂಗುಗಳ ಸಂದಿಯಲ್ಲಿ ಕಟ್ಟಿಕೊಂಡಿತ್ತು. ಉಗುರಿನಲ್ಲಿ ಕೆರೆದು ಮೂಸಿದ. ಕಮಟು ವಾಸನೆಯ ಅಡಿಯಲ್ಲಿ ಇನ್ನೂ ಗುರುತು ಸಿಗುವ ಕೊಬ್ಬರಿ ಎಣ್ಣೆ.

ಕೊಕ್ಕೆಗೆ ಕಚ್ಚಿನೊಳಗೆ ಪೂರ್ತಿ ಇಳಿಯಲು ಬಿಡುವಿರಲಿಲ್ಲ. ತೆಳು ಸ್ಪ್ರಿಂಗಿಗೆ ಈ ಹೆಪ್ಪನ್ನು ತಳ್ಳುವ ಬಲವಿಲ್ಲ. ಕೊಕ್ಕೆ ಕಚ್ಚಿನ ತುಟಿಯ ಮೇಲೆ ಹಾಗೇ ತೊಡರಿಕೊಂಡು ನಿಲ್ಲುತ್ತದೆ. ನೋಡುವವನಿಗೆ ಕುದುರೆ ನಿಂತಂತೆಯೇ ಕಾಣುತ್ತದೆ. ಸ್ವಲ್ಪ ಅಲುಗಿದರೆ ಸಾಕು. ಬಿಸಿಲೇರಿದರೆ ಎಣ್ಣೆ ಕರಗಿ, ಏನೂ ಆಗಿಲ್ಲವೆಂಬಂತೆ ಕೋವಿ ಸಾಧುವಾಗಿಬಿಡುತ್ತದೆ.

ಹಾಗೆಂದು ಅವನು ಅಷ್ಟಕ್ಕೇ ನಂಬಲಿಲ್ಲ. ಬಿಡಿಭಾಗಗಳನ್ನು ಜೋಡಿಸಿ ಕೋವಿಯನ್ನು ಒಲೆಯ ಹತ್ತಿರ ಹಿಡಿದ. ತಾಯಿ ಗಿಡ್ಡಮ್ಮ ರೊಟ್ಟಿ ತಟ್ಟುವುದನ್ನು ನಿಲ್ಲಿಸಿ, “ಒಲೆ ಮುಂದೆ ಕೋವಿ ತಂದೋನ ನಾನು ಕಂಡಿಲ್ಲ, ಕೇಳಿಲ್ಲ. ಅದ್ಕೂ ರೊಟ್ಟಿ ಬೇಕಂತಾ?” ಎಂದಳು. ಕಾದ ಮೇಲೆ ಎಷ್ಟು ಎಳೆದರೂ ಕುದುರೆ ಜಾರಲಿಲ್ಲ. ಮತ್ತೆ ಹೊರಗೆ ಇಬ್ಬನಿಯಲ್ಲಿಟ್ಟ. ಆರಿದ ಮೇಲೆ ಜಾರಿತು. ಆಮೇಲೆ ಎಲ್ಲವನ್ನೂ ಸೀಮೆಎಣ್ಣೆಯಲ್ಲಿ ತೊಳೆದು, ಒರೆಸಿ, ಒಂದು ತೊಟ್ಟು ಮಿಷಿನ್ ಎಣ್ಣೆ ಬಿಟ್ಟು, ಮರುದಿನ ಬೆಳಗ್ಗೆ ಅದೇ ಚಳಿಯಲ್ಲಿ ನೋಡಿದ. ಕುದುರೆ ಕಲ್ಲಿನಂತೆ ನಿಂತಿತು. ಕುಟ್ಟಿದ, ಅಲ್ಲಾಡಿಸಿದ. ಜಗ್ಗಲಿಲ್ಲ. ಇನ್ನು ಸಂಶಯಕ್ಕೆ ಜಾಗವಿರಲಿಲ್ಲ.

ದೇವೀರಪ್ಪನವರು ಆ ಮಂಜಿನಲ್ಲಿ ಕೋವಿಯನ್ನು ಬದುವಿಗೆ ಒರಗಿಸಿ, ಕಾಲುವೆ ದಾಟಿ, ನಳಿಗೆ ಹಿಡಿದು ತಮ್ಮ ಕಡೆಗೆ ಎಳೆದುಕೊಂಡಿರಬೇಕು. ಕುದುರೆ ಅರ್ಧಕ್ಕೆ ನಿಂತಿದೆ ಎಂಬ ಧೈರ್ಯ ಅವರಿಗಿತ್ತು.

ಕೋವಿಯನ್ನು ಊರಿನಲ್ಲೇ ಬಿಟ್ಟು ಅವನು ನೇರ ಬಾಣಾವರಕ್ಕೆ ಹೋದ. ದಾರಿಯುದ್ದಕ್ಕೂ ಅವನ ಎದೆ ಹಗುರಾಗಿತ್ತು. ಒಬ್ಬ ಮನುಷ್ಯನ ತಲೆಯ ಮೇಲಿನಿಂದ ಬಂಡೆ ಇಳಿಸಲು ಹೊರಟವನಿಗೆ ಇರುವ ಹಗುರ ಅದು.

ಬಸವಕುಮಾರ ಅಟ್ಟದ ಕೆಳಗಿನ ಕೋಣೆಯಲ್ಲಿ ಕೂತು ಕೊಬ್ಬರಿ ಆರಿಸುತ್ತಿದ್ದ. ಒಡೆದ ಬಟ್ಟಲುಗಳ ನಡುವೆ ಜಾಗ ಮಾಡಿಕೊಂಡು ಲಕ್ಷ್ಮೀಶ ಎದುರಿಗೆ ಕೂತ.

“ಸಿಕ್ತು ಕಣೋ,” ಎಂದ.

ಬಸವಕುಮಾರನ ಕೈಯಲ್ಲಿದ್ದ ಕೊಬ್ಬರಿ ಗಿಟುಕು ಕೈಯಲ್ಲೇ ಉಳಿಯಿತು. “ಏನು?”

“ಕುದುರೆ ತಾನಾಗಿ ಬೀಳುತ್ತೆ. ಚಳಿ ಇದ್ದಾಗ ಮಾತ್ರ. ಒಳಗಿನ ಎಣ್ಣೆ ಹೆಪ್ಪುಗಟ್ಟಿ ಕೊಕ್ಕೆ ಕೂರೋದಿಲ್ಲ. ಮಧ್ಯಾಹ್ನ ನೋಡಿದೋರಿಗೆ ಸಿಗೋದೇ ಇಲ್ಲ. ನಾನು ಬಿಸಿ ಮಾಡಿ, ತಣ್ಣಗೆ ಮಾಡಿ, ಎರಡೂ ನೋಡಿದೀನಿ. ನಿಮ್ಮಪ್ಪ ಹಾರಿಸ್ಕೊಂಡಿಲ್ಲ ಬಸವಾ. ಅದು ಹಾರಿದ್ದು.”

 ಬಸವಕುಮಾರನ ಮುಖ ಮಗುವಿನ ಮುಖದ ಹಾಗೆ ಮುದುಡಿತು. “ಹಂಗಾದ್ರೆ ನಾನಲ್ಲ,” ಎಂದ. “ನಾನಲ್ಲ ಅಲ್ವೇನೋ?” ಉತ್ತರಕ್ಕೆ ಕಾಯದೆ ಎದ್ದು ನಿಂತು, ಬಾಗಿಲ ಕಡೆ ತಿರುಗಿ, “ಅವ್ವಾ!” ಎಂದು ಕೂಗಿದ. “ಅವ್ವಾ, ಬಾ ಇಲ್ಲಿ!”

ಹಿತ್ತಲಲ್ಲಿ ಪಾತ್ರೆಯ ಸದ್ದು ನಿಂತಿತು.

“ಅಪ್ಪ ಕೋವಿ ವಿಷಯದಲ್ಲಿ ಅಷ್ಟು ನಾಜೂಕು ಕಣೋ,” ಎಂದ ಬಸವಕುಮಾರ ಕಣ್ಣೊರೆಸಿಕೊಳ್ಳುತ್ತ. “ಮಿಷಿನ್ ಎಣ್ಣೆ ಬಿಟ್ರೆ ಬೇರೆ ಸೋಕಿಸ್ತಿರಲಿಲ್ಲ. ಅದು ಹೆಪ್ಪುಗಟ್ಟುತ್ತಾ?”

“ಮಿಷಿನ್ ಎಣ್ಣೆ ಅಲ್ಲ. ಕೊಬ್ಬರಿ ಎಣ್ಣೆ.”

ಅಂದದ್ದೇ ತಡ, ಬಸವಕುಮಾರನ ಮುಖದ ಬೆಳಕು ಯಾರೋ ಊದಿ ಆರಿಸಿದಂತೆ ಆರಿಹೋಯಿತು. ಅವನು ಕುಸಿದು ಕೂತ. ದನಿ ತಗ್ಗಿಸಿ, ಅವಸರ ಅವಸರವಾಗಿ ಹೇಳಿದ. ಆ ವರ್ಷ ಚುನಾವಣೆಗೆಂದು ಎಲ್ಲರಂತೆ ಅಪ್ಪನೂ ಕೋವಿಯನ್ನು ಠಾಣೆಗೆ ಒಪ್ಪಿಸಿದ್ದರು. ಎಣಿಕೆ ಮುಗಿದು ವಾಪಸ್ಸು ಬಂದಾಗ ತುಕ್ಕು ಹಿಡಿದು ಕುದುರೆ ಕಿರುಗುಟ್ಟುತ್ತಿತ್ತು. ಅಷ್ಟರಲ್ಲಿ ಆಯುಧಪೂಜೆ ಬಂತು. ಆ ಹಬ್ಬಕ್ಕೆ ಮನೆಯ ಕಬ್ಬಿಣಕ್ಕೆಲ್ಲ ಎಣ್ಣೆ ಹಾಕುವುದು ಅವ್ವನ ಕೆಲಸ. ಕುಡುಗೋಲು, ಪಂಪುಸೆಟ್ಟು, ಹೊಲಿಗೆ ಮಿಷಿನ್ನು, ಸೈಕಲ್ಲಿನ ಚೈನು, ಎಲ್ಲಕ್ಕೂ ತೋಟದ ಕೊಬ್ಬರಿಯ ಗಾಣದ ಎಣ್ಣೆ. ಬೇರೆ ಎಣ್ಣೆ ಆಕೆಗೆ ಎಣ್ಣೆಯೇ ಅಲ್ಲ. ಕೋವಿಯನ್ನು ಮಾತ್ರ ಅಪ್ಪ ಕೊಡುತ್ತಿರಲಿಲ್ಲ. ಆ ವರ್ಷ ಅಪ್ಪ ಬಾಣಾವರಕ್ಕೆ ಹೋಗಿದ್ದಾಗ ಆಕೆ ಎಣ್ಣೆ ಕಾಯಿಸಿ, ಕುದುರೆಯ ಸಂದಿಯಲ್ಲಿ ಹನಿಹನಿಯಾಗಿ ಇಳಿಬಿಟ್ಟು, ಕಿರುಗುಟ್ಟುವುದು ನಿಲ್ಲುವ ತನಕ ಆಡಿಸಿದ್ದಳು. ಅಪ್ಪ ಬಂದು, “ಎಲಾ, ಹಗುರಾಗೈತಲ್ಲೇ!” ಎಂದು ಮೆಚ್ಚಿದ್ದರು.

“ಅವ್ವಂಗೆ ಹೇಳ್ಬೇಡ,” ಎಂದ ಬಸವಕುಮಾರ. “ದಮ್ಮಯ್ಯ ಅಂತೀನಿ.”

“ತಪ್ಪು ನಿನ್ನ ಮೇಲೇ ಉಳಿಯುತ್ತಲ್ಲೋ…”

“ಇರ್ಲಿ. ನಂಗೆ ಅಭ್ಯಾಸ ಆಗೈತೆ.”

ಗುರುಸಿದ್ದಮ್ಮ ಬಾಗಿಲಿಗೆ ಬಂದು ನಿಂತರು. ಹಣೆಯ ವಿಭೂತಿ ಬೆವರಿಗೆ ಅರ್ಧ ಅಳಿಸಿತ್ತು. ಕೈ ಸೆರಗಿನಲ್ಲಿ ಒರೆಸುತ್ತ ಅವರು ಮಗನನ್ನು ನೋಡದೆ ಲಕ್ಷ್ಮೀಶನನ್ನು ನೋಡಿದರು.

“ಯಾವಾಗ ಬಂದ್ರಿ ಮೇಷ್ಟ್ರೇ? ಕರೆದಂಗಾಯ್ತು. ಯಾಕಂತೆ?”

ಎರಡು ವರ್ಷದ ಮೇಲೆ ಮಗ ಕರೆದಿದ್ದ, ತಾಯಿ ಬಂದಿದ್ದರು. ಆ ಬರುವಿಕೆಯಲ್ಲೇ ಒಂದು ಆಸೆ ಇತ್ತೆಂದು ಲಕ್ಷ್ಮೀಶನಿಗೆ ಅನಿಸಿತು. ಅವರ ಕಣ್ಣು ಕೇಳುತ್ತಿದ್ದುದು ಬಾಯಿ ಕೇಳಿದ್ದನ್ನಲ್ಲ. ಅವನು ಬಸವಕುಮಾರನ ಕಡೆ ನೋಡಿದ. ಬಸವಕುಮಾರ ತಲೆ ಬಗ್ಗಿಸಿ ಕೊಬ್ಬರಿ ಆರಿಸುವುದರಲ್ಲಿ ತೊಡಗಿದ್ದ.

“ಕೋವಿ ನೋಡಿದ್ರಂತೆ?” ಎಂದರು ಗುರುಸಿದ್ದಮ್ಮ. “ಏನಾದ್ರೂ ಇತ್ತಾ ಅದ್ರಲ್ಲಿ?”

ಪ್ರಯೋಗಶಾಲೆಯಲ್ಲಿ ಹುಡುಗರು ಅಂಕಿ ತಿದ್ದಿ ತಂದರೆ ಅವನು ಹಾಳೆ ಹರಿದು ಹಾಕುತ್ತಿದ್ದ. ಬಂದದ್ದನ್ನು ಬಂದ ಹಾಗೆ ಹೇಳಿ, ತಪ್ಪಾದರೂ ಪರವಾಗಿಲ್ಲ ಎನ್ನುತ್ತಿದ್ದ. ಈಗ ಬಂದದ್ದು ತಪ್ಪಾಗಿರಲಿಲ್ಲ. ಅದನ್ನು ಹೇಳಿದರೆ ಸತ್ತವರ ಹೆಸರು ತೊಳೆಯುತ್ತದೆ, ಮಗ ಉಳಿಯುತ್ತಾನೆ. ಈ ಹೆಂಗಸು ಉಳಿಯುವುದಿಲ್ಲ.

“ಇಲ್ಲಮ್ಮ,” ಎಂದ. “ಏನೂ ಇರಲಿಲ್ಲ. ಕೋವಿ ಸರಿಯಾಗೇ ಇದೆ.”

ಗುರುಸಿದ್ದಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು. “ನಂಗೊತ್ತಿತ್ತು,” ಎಂದರು. “ಕೆಡೋಕೆ ಎಲ್ಲಿಂದ ಬರ್ಬೇಕು? ನಾನೇ ಹಬ್ಬಕ್ಕೆ ಎಣ್ಣೆ ಕಾಸಿ ಬಿಟ್ಟಿದ್ದೆ. ಹೂವಿನಂಗೆ ಆಡ್ತಿತ್ತು.” ಆಮೇಲೆ, “ಕಾಫಿ ತತ್ತೀನಿ, ಕೂತಿರಿ,” ಎಂದು ಒಳಗೆ ಹೋದರು. ಒಂದೇ ಲೋಟ ತಂದು ಲಕ್ಷ್ಮೀಶನ ಮುಂದಿಟ್ಟರು.  ಅವನು ಪೂರ್ತಿ ಕುಡಿದ, ಆಕೆ ಲೋಟ ಒಯ್ಯಲು ಕಾಯುತ್ತಿದ್ದರು.

ಅರಸೀಕೆರೆಯ ರೈಲಿಗೆ ಹೊತ್ತಿತ್ತು. ಬಸವಕುಮಾರ ಮೋಟಾರ್ ಬೈಕಿನಲ್ಲಿ ಅವನನ್ನು ಸ್ಟೇಷನ್ನಿಗೆ ತಂದು ಬಿಟ್ಟ. ಬಿಟ್ಟು ಹೋಗದೆ ಕಲ್ಲುಬೆಂಚಿನ ಮೇಲೆ ಜೊತೆಗೆ ಕೂತ. ಸಂಜೆಯ ಗಾಳಿ ಬೀಸಲು ಶುರುವಾಗಿತ್ತು. ಎದುರಿನ ಪ್ಲಾಟ್‌ಫಾರ್ಮಿನಲ್ಲಿ ಎಳನೀರಿನ ಗಾಡಿಯವನು ಗೋಣಿ ಮುಚ್ಚುತ್ತಿದ್ದ.

“ನನ್ನಿಂದ ಸುಳ್ಳು ಹೇಳಿಸಿದೆ,” ಎಂದ ಲಕ್ಷ್ಮೀಶ.

“ಹೂಂ.”

“ಎಷ್ಟು ದಿನ ಹೀಗೆ?”

“ಅವ್ವ ಇರೋ ತನಕ.” ಬಸವಕುಮಾರ ಎರಡೂ ಕೈಗಳನ್ನು ತೊಡೆಯ ನಡುವೆ ಸೇರಿಸಿಕೊಂಡು ಕೂತಿದ್ದ. “ಅವಳಿಗೆ ನನ್ನ ಮೇಲೆ ಸಿಟ್ಟೈತೆ. ಸಿಟ್ಟಲ್ಲಿ ಬದುಕಬೋದು ಕಣೋ. ಬೆಳಗ್ಗೆ ಎದ್ದು ಹಸು ಹತ್ರ ಬೈತಾಳೆ, ಆಮೇಲೆ ರಾಗಿ ಬೀಸ್ತಾಳೆ. ಇದು ಗೊತ್ತಾದ್ರೆ ಅವಳು ಏಳೋದೇ ಇಲ್ಲ.”

 ಇವನ ಮಾತು ಸರಿಯೇ ತಪ್ಪೇ ಎಂದು ತೂಗಲು ಲಕ್ಷ್ಮೀಶನ ಬಳಿ ಏನೂ ಇರಲಿಲ್ಲ.

“ಇನ್ನೊಂದ್ಸಲ ಹೇಳು,” ಎಂದ ಬಸವಕುಮಾರ. “ಆ ಕೊಕ್ಕೆ ವಿಷಯ. ನಿಧಾನಕ್ಕೆ ಹೇಳು. ಯಾರ ಹತ್ರಾನೂ ನಾನು ಇನ್ನು ಕೇಳಂಗಿಲ್ಲ.”

ಲಕ್ಷ್ಮೀಶ ಎಡಗೈ ಮುಷ್ಟಿ ಮಾಡಿ ಅದನ್ನು ಬಿಲ್ಲೆಯೆಂದ, ಬಲಗೈ ತೋರುಬೆರಳನ್ನು ಮಡಚಿ ಕೊಕ್ಕೆಯೆಂದ. ಬೆರಳಿನ ಗೆಣ್ಣುಗಳ ಸಂದಿ ತೋರಿಸಿ ಕಚ್ಚೆಂದ. ಬಿಸಿಲಿದ್ದಾಗ ಹೀಗೆ ಇಳಿಯುತ್ತದೆ, ಚಳಿಯಲ್ಲಿ ಹೀಗೆ ತುದಿಯಲ್ಲೇ ನಿಲ್ಲುತ್ತದೆ ಎಂದು ತೋರಿಸಿದ. ಬಸವಕುಮಾರ ಬಗ್ಗಿ ಅವನ ಕೈಗಳನ್ನೇ ನೋಡುತ್ತಿದ್ದ. ಮುಗಿದ ಮೇಲೂ ನೋಡುತ್ತಲೇ ಇದ್ದ.

“ಬಿಸಿಲೇರಿದ ಮೇಲೆ ಹೋಗಿದ್ರೆ?”

“ಆಗ್ತಿರಲಿಲ್ಲ.”

“ಅಪ್ಪ ದಿನಾ ಬಿಸಿಲೇರಿದ ಮೇಲೇ ತೋಟಕ್ಕೆ ಹೋಗ್ತಿದ್ದಿದ್ದು. ಅವತ್ತು ರಾತ್ರಿ ಮಲಗಲೇ ಇಲ್ಲ. ಮಂಜಿನಲ್ಲೇ ಎದ್ದು ಹೋದ್ರು.” ಬಸವಕುಮಾರ ತಲೆಯೆತ್ತಿದ. “ಹಿಂದಿನ ಸಂಜೆ ನಾನು ಬಾಯಿ ಮುಚ್ಕೊಂಡಿದ್ದಿದ್ರೆ, ಅವರು ಆ ಚಳೀಲಿ ಯಾಕೆ ಹೋಗ್ತಿದ್ರು ಹೇಳು?”

ದೂರದಲ್ಲಿ ಸಿಗ್ನಲ್ಲಿನ ಕೈ ಇಳಿಯಿತು. ಲಕ್ಷ್ಮೀಶನ ಮುಷ್ಟಿ, ಮಡಚಿದ ಬೆರಳು ಇನ್ನೂ ಹಾಗೆಯೇ ಇದ್ದವು.